ಸಾಕು, ಸಾಲದು: ಪಾಸ್ಕಲನ ‘ಪ್ರಾಂತ್ಯದ ಪತ್ರ’ಗಳ ನಗೆಯನ್ನು ಕುರಿತು

1656ರ ಜನವರಿ 23ರ ದಿನಾಂಕ ಹೊತ್ತ ಎಂಟು ಪುಟಗಳ ಒಂದು ಪತ್ರ ಪ್ಯಾರಿಸ್ ನಗರದಲ್ಲಿ ಕೈಯಿಂದ ಕೈಗೆ ಹರಿದಾಡಿತು. ಬರೆದವನ ಹೆಸರಿಲ್ಲ. ಪ್ರಾಂತ್ಯದಲ್ಲಿರುವ ಮಿತ್ರನಿಗೆ ರಾಜಧಾನಿಯ ಸುದ್ದಿ ತಿಳಿಸುವ ಸ್ನೇಹಿತನ ಓಲೆಯಂತೆ ಅದರ ವೇಷ. ಸುದ್ದಿಯಾದರೋ ಅರಮನೆಯದೂ ಅಲ್ಲ, ಯುದ್ಧದ್ದೂ ಅಲ್ಲ. ಸೊರ್ಬೋನ್ ವಿದ್ಯಾಪೀಠದಲ್ಲಿ ವರಪ್ರಸಾದವನ್ನು ಕುರಿತು ದೈವಶಾಸ್ತ್ರಜ್ಞರು ನಡೆಸುತ್ತಿದ್ದ ವಿವಾದದ್ದು. ಮುಂದಿನ ಹದಿನಾಲ್ಕು ತಿಂಗಳಲ್ಲಿ, ಅಂದರೆ 1657ರ ಮಾರ್ಚ್ 24ರವರೆಗೆ, ಇಂತಹ ಹದಿನೆಂಟು ಪತ್ರಗಳು ಹೊರಬಂದವು. ಪೊಲೀಸರು ಮುದ್ರಕರ ಬೆನ್ನು ಹತ್ತಿದರು. ಜನ ಪತ್ರಗಳ ಬೆನ್ನು ಹತ್ತಿದರು. ಲೂಯಿ ದ ಮೊಂತಾಲ್ತ್ ಎಂಬ ಕಲ್ಪಿತ ಹೆಸರಿನ ಹಿಂದೆ ಇದ್ದವನು ಬ್ಲೇಸ್ ಪಾಸ್ಕಲ್; ಆಗ ಅವನ ವಯಸ್ಸು ಮೂವತ್ತೆರಡು; ಗಣಿತಜ್ಞನೆಂದೂ ನಿರ್ವಾತದ ಪ್ರಯೋಗಗಳನ್ನು ನಡೆಸಿದವನೆಂದೂ ಹೆಸರಾದವನು; ದೈವಶಾಸ್ತ್ರದಲ್ಲಿ ಯಾವ ಪದವಿಯೂ ಇಲ್ಲದ ಶ್ರೀಸಾಮಾನ್ಯ ವಿಶ್ವಾಸಿ.

ನಮ್ಮ ಪಾಠಕ್ರಮಗಳಲ್ಲಿ ಈ ಕೃತಿಗೆ ದೊರೆಯುವ ಸ್ಥಾನ ವಿಚಿತ್ರವಾದುದು. ಧರ್ಮಸಭೆಯ ಇತಿಹಾಸದಲ್ಲಿ ಯಾನ್ಸೆನ್‌ವಾದದ ಅಧ್ಯಾಯ ಬಂದಾಗ ಅದನ್ನು ಒಂದು ವಾಕ್ಯದಲ್ಲಿ ಹೇಳಿ ದಾಟುತ್ತೇವೆ. ಫ್ರೆಂಚ್ ಸಾಹಿತ್ಯದ ಚರಿತ್ರೆಕಾರರು ಆಧುನಿಕ ಫ್ರೆಂಚ್ ಗದ್ಯ ಇಲ್ಲಿಂದ ಮೊದಲಾಯಿತೆಂದು ಹೊಗಳಿ, ಅದರೊಳಗಿನ ದೈವಶಾಸ್ತ್ರವನ್ನು ಅಡಿಟಿಪ್ಪಣಿಗೆ ತಳ್ಳುತ್ತಾರೆ. ಒಬ್ಬರಿಗೆ ವಾದ ಬೇಕು, ಶೈಲಿ ಬೇಡ. ಇನ್ನೊಬ್ಬರಿಗೆ ಶೈಲಿ ಬೇಕು, ವಾದ ಬೇಡ. ಆದರೆ ಇವೆರಡನ್ನೂ ಬೇರ್ಪಡಿಸಿದರೆ ಈ ಪತ್ರಗಳು ಎತ್ತುವ ನಿಜವಾದ ಪ್ರಶ್ನೆಯೇ ಕಾಣೆಯಾಗುತ್ತದೆ. ಪಂಡಿತರ ಭಾಷೆಯಲ್ಲಿದ್ದ ದೈವಶಾಸ್ತ್ರ ಮನೆಮಾತಿಗೆ ಬಂದಾಗ ಅದಕ್ಕೆ ಏನಾಗುತ್ತದೆ? ಅಲ್ಲಿ ಅದು ನಗುವುದಕ್ಕೆ ತೊಡಗಿದರೆ, ಆ ನಗೆಯ ಬೆಲೆಯನ್ನು ತೆರುವವರು ಯಾರು? ಕನ್ನಡದಲ್ಲಿ ದೈವಶಾಸ್ತ್ರ ಬರೆಯಬೇಕೆನ್ನುವ ನಮಗೆ ಇದು ಪರದೇಶದ ಕುತೂಹಲ ಮಾತ್ರವಲ್ಲ.

ವಿವಾದದ ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. ಇಪ್ರ್ ನಗರದ ಧರ್ಮಾಧ್ಯಕ್ಷ ಕೊರ್ನೇಲಿಯುಸ್ ಯಾನ್ಸೆನ್ ಸಂತ ಅಗಸ್ಟೀನರ ವರಪ್ರಸಾದ ಬೋಧೆಯನ್ನು ಕುರಿತು ಲತೀನಿನಲ್ಲಿ ಬರೆದ ಬೃಹದ್ಗ್ರಂಥ, ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1640ರಲ್ಲಿ ಪ್ರಕಟವಾಯಿತು. ಅದರಿಂದ ಎತ್ತಿದವೆನ್ನಲಾದ ಐದು ಪ್ರತಿಪಾದನೆಗಳನ್ನು ಹತ್ತನೆಯ ಇನ್ನೊಸೆಂಟ್ ಪೋಪರು 1653ರಲ್ಲಿ ಖಂಡಿಸಿದರು. ಆ ಪ್ರತಿಪಾದನೆಗಳು ತಪ್ಪೆಂಬುದನ್ನು ಪೋರ್-ರುವಾಯಲ್ ಮಠದ ಸುತ್ತ ನೆರೆದಿದ್ದ ಬಳಗ ಒಪ್ಪಿತು. ಅವು ಯಾನ್ಸೆನನ ಪುಸ್ತಕದಲ್ಲಿವೆಯೆಂಬುದನ್ನು ಒಪ್ಪಲಿಲ್ಲ. ಆ ಬಳಗದ ಪಂಡಿತ ಆಂತ್ವಾನ್ ಆರ್ನೋವನ್ನು ಸೊರ್ಬೋನಿನಿಂದ ಹೊರಹಾಕುವ ಸಿದ್ಧತೆ 1656ರ ಮೊದಲ ವಾರಗಳಲ್ಲಿ ನಡೆದಿತ್ತು. ಆರ್ನೋ ತನ್ನ ಸಮರ್ಥನೆಯನ್ನು ಬರೆದು ಗೆಳೆಯರಿಗೆ ಓದಿ ತೋರಿಸಿದಾಗ ಯಾರ ಮುಖದಲ್ಲೂ ಮೆಚ್ಚುಗೆ ಕಾಣಲಿಲ್ಲವಂತೆ. ಆಗ ಆತ ಪಾಸ್ಕಲನ ಕಡೆಗೆ ತಿರುಗಿ, ಕಿರಿಯನಾದ ನೀನೇ ಏನಾದರೂ ಮಾಡಬೇಕೆಂದು ಕೇಳಿಕೊಂಡನಂತೆ. ಪಾಸ್ಕಲನ ಅಕ್ಕನ ಮಗಳು ಮಾರ್ಗರೀತಳ ನೆನಪುಗಳಿಂದ ಬಂದ ಸಂಗತಿ ಇದು. ಪಂಡಿತನಿಗೆ ಹೇಳಲಾಗದ್ದನ್ನು ಗಣಿತಜ್ಞನೊಬ್ಬ ಹೇಳಿದ್ದು ಹೇಗೆ ಎಂಬುದರಲ್ಲೇ ಈ ಕೃತಿಯ ಗುಟ್ಟು ಇದೆ.

ಫ್ರೆಂಚಿನಲ್ಲಿ ದೈವಶಾಸ್ತ್ರ ಅದಕ್ಕೆ ಮೊದಲು ಇರಲಿಲ್ಲವೆಂದಲ್ಲ. ಕ್ಯಾಲ್ವಿನನು ತನ್ನ ಮಹಾಗ್ರಂಥವನ್ನು 1541ರಲ್ಲಿ ತಾನೇ ಫ್ರೆಂಚಿಗೆ ತಂದಿದ್ದ. ಸಂತ ಫ್ರಾನ್ಸಿಸ್ ದ ಸಾಲ್ ಅವರು 1609ರಲ್ಲಿ ಸಂಸಾರಸ್ಥರಿಗಾಗಿ ಬರೆದ ಭಕ್ತಿಜೀವನದ ಪ್ರವೇಶಿಕೆ ಮನೆಮನೆಗಳಲ್ಲಿ ಓದಲ್ಪಡುತ್ತಿತ್ತು. ಆರ್ನೋ ಕೂಡ 1643ರಲ್ಲಿ ಪರಮಪ್ರಸಾದದ ಪದೇ ಪದೇ ಸ್ವೀಕಾರವನ್ನು ಕುರಿತು ಫ್ರೆಂಚಿನಲ್ಲೇ ಬರೆದಿದ್ದ. 1635ರಲ್ಲಿ ಅಕಾಡೆಮಿ ಸ್ಥಾಪನೆಯಾಗಿತ್ತು; 1647ರಲ್ಲಿ ವೊಜಲಾ ಒಳ್ಳೆಯ ಫ್ರೆಂಚ್ ಯಾವುದೆಂದು ಆಸ್ಥಾನದ ಮಾತನ್ನು ಆಧರಿಸಿ ಟಿಪ್ಪಣಿಗಳನ್ನು ಹೊರತಂದಿದ್ದ. ಭಾಷೆ ಸಿದ್ಧವಾಗಿತ್ತು. ಆದರೆ ವಿದ್ವಾಂಸರ ನಡುವಣ ಸೂಕ್ಷ್ಮ ವಿವಾದವೊಂದನ್ನು, ಅದರ ಪರಿಭಾಷೆಯ ಸಮೇತ, ದಿವಾನಖಾನೆಯಲ್ಲಿ ಕುಳಿತ ಗೃಹಿಣಿಗೂ ವಕೀಲನಿಗೂ ಅರ್ಥವಾಗುವಂತೆ ಮಾತ್ರವಲ್ಲ, ಅವರು ಮುಂದಿನ ಪತ್ರಕ್ಕಾಗಿ ಕಾಯುವಂತೆ ಹೇಳುವುದನ್ನು ಯಾರೂ ಮಾಡಿರಲಿಲ್ಲ.

ಮೊದಲೆರಡು ಪತ್ರಗಳ ಯುಕ್ತಿ ಬಹಳ ಸರಳ. ಪತ್ರ ಬರೆಯುವ ಸ್ನೇಹಿತ ಏನೂ ತಿಳಿಯದವನಂತೆ ಒಂದು ಪಕ್ಷದವರ ಮನೆಯಿಂದ ಇನ್ನೊಂದು ಪಕ್ಷದವರ ಮನೆಗೆ ಹೋಗಿ, ನೀವು ಬಳಸುವ ಈ ಪದದ ಅರ್ಥವೇನು ಎಂದು ಕೇಳುತ್ತಾನೆ. ಆರ್ನೋನ ವಿರುದ್ಧ ಒಂದಾಗಿದ್ದ ಯೇಸುಸಭೆಯವರೂ ದೊಮಿನಿಕನರ ಒಂದು ಗುಂಪೂ ಒಂದೇ ಪದವನ್ನು ಉಚ್ಚರಿಸುತ್ತಾರೆ, ಆದರೆ ಅದಕ್ಕೆ ಕೊಡುವ ಅರ್ಥ ಬೇರೆ ಬೇರೆ. ಎರಡನೆಯ ಪತ್ರದಲ್ಲಿ ಈ ಪದ ‘ಪರ್ಯಾಪ್ತ ವರಪ್ರಸಾದ’. ಎಲ್ಲರಿಗೂ ಪರ್ಯಾಪ್ತ ವರಪ್ರಸಾದ ದೊರೆತಿದೆ ಎಂದು ಇಬ್ಬರೂ ಹೇಳುತ್ತಾರೆ; ಆದರೆ ದೊಮಿನಿಕನರ ಪ್ರಕಾರ, ಮನುಷ್ಯ ವಾಸ್ತವವಾಗಿ ಸತ್ಕಾರ್ಯ ಮಾಡಬೇಕಾದರೆ ಅದರ ಮೇಲೆ ಇನ್ನೊಂದು, ಪರಿಣಾಮಕಾರಿಯಾದ, ವರಪ್ರಸಾದ ಬೇಕು. ಅದು ಎಲ್ಲರಿಗೂ ದೊರೆಯುವುದಿಲ್ಲ.

ಈ ಸ್ಥಳವನ್ನು ಕನ್ನಡದಲ್ಲಿ ವಿವರಿಸಲು ಹೊರಟಾಗ ಪಾಸ್ಕಲ್ ಮಾಡಿದ್ದೇನೆಂಬುದು ಚೆನ್ನಾಗಿ ಹೊಳೆಯುತ್ತದೆ. ‘ಪರ್ಯಾಪ್ತ ವರಪ್ರಸಾದ’ ಎಂದು ಸಂಸ್ಕೃತದಲ್ಲಿ ಹೇಳಿ ಅದರ ಮುಂದೆ ‘ಪರಿಣಾಮಕಾರಿ ವರಪ್ರಸಾದ’ ಎಂದು ಇಟ್ಟರೆ ಎರಡು ಗೌರವಾನ್ವಿತ ವರ್ಗಗಳು ಕಾಣುತ್ತವೆ. ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ. ‘ಪರ್ಯಾಪ್ತ’ ಎಂದರೇನು? ಸಾಕಾಗುವಷ್ಟು. ಹಾಗಾದರೆ ಇದು ಸಾಕಾಗುವ ವರಪ್ರಸಾದ, ಆದರೆ ಸಾಲದು. ಈ ಮಾತನ್ನು ಸಾಕು, ಸಾಲದು ಎಂಬ ಮನೆಮಾತಿನ ಎರಡು ಕ್ರಿಯೆಗಳಲ್ಲಿ ಹೇಳಿದೊಡನೆ ನಗು ತಾನಾಗಿ ಬರುತ್ತದೆ. ಪಾಸ್ಕಲ್ ಯಾವ ಹೊಸ ವಾದವನ್ನೂ ಸೇರಿಸಲಿಲ್ಲ. ಲತೀನಿನ ನೆರಳಿನಲ್ಲಿ ತಣ್ಣಗೆ ಕುಳಿತಿದ್ದ ಪದವನ್ನು ಅಡುಗೆಮನೆಯ ಬೆಳಕಿಗೆ ತಂದನು, ಅಷ್ಟೆ. ಪರಿಭಾಷೆ ಎಷ್ಟೋ ಸಲ ಒಪ್ಪಂದದ ಸಾಧನವಾಗಿರುತ್ತದೆ. ಅರ್ಥದಲ್ಲಿ ಒಂದಾಗದವರು ಶಬ್ದದಲ್ಲಿ ಒಂದಾಗಲು ಅದು ನೆರವಾಗುತ್ತದೆ. ಮನೆಮಾತು ಆ ಸೌಕರ್ಯವನ್ನು ಕೊಡುವುದಿಲ್ಲ. ಹನ್ನೆರಡನೆಯ ಶತಮಾನದ ನಮ್ಮ ಶರಣರೂ ಇದನ್ನು ಬಲ್ಲವರಾಗಿದ್ದರು.

ಇಷ್ಟರಮಟ್ಟಿಗೆ ಪಾಸ್ಕಲನ ನಗೆ ನಿರ್ದೋಷವೆಂದೇ ನನ್ನ ಎಣಿಕೆ. ನಿಮ್ಮ ಮಾತಿನ ಅರ್ಥ ಹೇಳಿ ಎಂದು ಕೇಳುವುದಕ್ಕೆ ವಿಶ್ವಾಸಿಗೆ ಹಕ್ಕಿದೆ.

ಐದನೆಯ ಪತ್ರದಿಂದ ನೆಲ ಬದಲಾಗುತ್ತದೆ. ಆರ್ನೋ ಸೊರ್ಬೋನಿನಲ್ಲಿ ಸೋತಾಗಿತ್ತು. ಪಾಸ್ಕಲ್ ಈಗ ವರಪ್ರಸಾದದ ವಿಷಯವನ್ನು ಬದಿಗಿಟ್ಟು ಯೇಸುಸಭೆಯ ನೀತಿಬೋಧೆಯನ್ನು ಗುರಿಯಾಗಿಸಿಕೊಂಡನು. ಆ ಕಾಲದಲ್ಲಿ ಪಾಪನಿವೇದನೆ ಕೇಳುವ ಗುರುಗಳ ಉಪಯೋಗಕ್ಕಾಗಿ ಪ್ರಕರಣ ಪ್ರಕರಣವಾಗಿ ಪಾಪಪುಣ್ಯಗಳನ್ನು ತೂಗಿನೋಡುವ ಕೈಪಿಡಿಗಳು ಬಹಳವಾಗಿ ಬಳಕೆಯಲ್ಲಿದ್ದವು. ಇವುಗಳಿಂದ ಎತ್ತಿದ ವಾಕ್ಯಗಳನ್ನು ಒಬ್ಬ ವೃದ್ಧ ಯೇಸುಸಭೆಯ ಗುರುವಿನ ಬಾಯಲ್ಲಿ ಹೇಳಿಸುತ್ತಾನೆ. ಈ ಗುರು ಕೆಟ್ಟವನಲ್ಲ. ಅದೇ ಪಾಸ್ಕಲನ ಜಾಣ್ಮೆ. ಅವನು ಸೌಮ್ಯ ಸ್ವಭಾವದವನು, ಅತಿಥಿಯನ್ನು ಆದರಿಸುವವನು, ತನ್ನ ಸಭೆಯ ಗ್ರಂಥಕರ್ತರ ಬಗ್ಗೆ ಮಗುವಿನಂತೆ ಹೆಮ್ಮೆ ಪಡುವವನು. ಒಂದೊಂದೇ ಪುಸ್ತಕವನ್ನು ಕಪಾಟಿನಿಂದ ತೆಗೆದು ತೋರಿಸುತ್ತಾನೆ. ಕಪಾಳಕ್ಕೆ ಹೊಡೆದವನನ್ನು ಕೊಲ್ಲಬಹುದೇ? ಸೇಡಿನ ಸಂಕಲ್ಪದಿಂದಲ್ಲ, ಮಾನರಕ್ಷಣೆಯ ಸಂಕಲ್ಪದಿಂದಾದರೆ ಆಗಬಹುದು. ಒಬ್ಬನೇ ಒಬ್ಬ ಗಣ್ಯ ಪಂಡಿತ ಒಪ್ಪಿದ ಅಭಿಪ್ರಾಯವನ್ನು ಅನುಸರಿಸಬಹುದೇ? ಆಗಬಹುದು, ಅದು ಸಂಭಾವ್ಯ. ಕೇಳುಗನು ಆಶ್ಚರ್ಯ ನಟಿಸಿದಷ್ಟೂ ಗುರುವಿನ ಉತ್ಸಾಹ ಏರುತ್ತದೆ.

ಈ ಪತ್ರಗಳ ಪರಿಣಾಮ ಭಾಷೆಯಲ್ಲೇ ಉಳಿದಿದೆ. ಹೆಚ್ಚು ಉದ್ಧೃತನಾದ ಸ್ಪೇನಿನ ಗುರು ಆಂತೋನಿಯೊ ಎಸ್ಕೊಬಾರನ ಹೆಸರಿನಿಂದ, ಇಬ್ಬಂದಿ ಮಾತಾಡಿ ಜಾರಿಕೊಳ್ಳುವುದು ಎಂಬ ಅರ್ಥದ ಕ್ರಿಯಾಪದವೊಂದು ಫ್ರೆಂಚ್ ನಿಘಂಟುಗಳನ್ನು ಸೇರಿತು. ವೈಯಕ್ತಿಕ ಜೀವನದಲ್ಲಿ ಎಸ್ಕೊಬಾರ್ ಕಟ್ಟುನಿಟ್ಟಿನ ತಪಸ್ವಿಯೆಂದು ಹೆಸರಾಗಿದ್ದವನು. ತನ್ನ ಮೇಲೆ ಬಿಗಿಯಾಗಿಯೂ ಪರರ ಮೇಲೆ ಸಡಿಲವಾಗಿಯೂ ಇದ್ದ ಒಬ್ಬ ವ್ಯಕ್ತಿಯ ಹೆಸರು ಒಂದು ಭಾಷೆಯಲ್ಲಿ ಕಪಟದ ಪರ್ಯಾಯವಾಗಿ ಉಳಿದುಕೊಂಡಿತು. ನಗೆಯ ಬೆಲೆಯನ್ನು ಯಾರು ತೆರುತ್ತಾರೆಂಬ ಪ್ರಶ್ನೆಗೆ ಇದು ಮೊದಲ ಉತ್ತರ.

ಪಾಸ್ಕಲನು ಸುಳ್ಳು ಉದ್ಧರಿಸಿದನೆ? ಅವನ ಎದುರಾಳಿಗಳು ಅಂದೇ ಹಾಗೆಂದು ದೂರಿದರು. ಉದ್ಧರಣೆಗಳನ್ನು ಮೂಲದೊಡನೆ ಹೋಲಿಸಿದಾಗ ಅವು ಬಹುಮಟ್ಟಿಗೆ ಸುಳ್ಳಲ್ಲ. ಆದರೆ ಅನೇಕ ಕಡೆ ಚಿಕ್ಕದಾಗಿವೆ, ಷರತ್ತುಗಳು ಉದುರಿವೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ, ಅದು ಯಾವ ಹೋಲಿಕೆಯಲ್ಲೂ ಕಾಣುವಂಥದಲ್ಲ. ಎಸ್ಕೊಬಾರನ ಕೈಪಿಡಿ ಲತೀನಿನಲ್ಲಿತ್ತು. ಅದನ್ನು ಓದುತ್ತಿದ್ದವನು ಗುರು. ಜಾಲರಿಯ ಆಚೆ ಮೊಣಕಾಲೂರಿದ ವ್ಯಕ್ತಿಗೆ ಪಾಪವಿಮೋಚನೆಯನ್ನು ನಿರಾಕರಿಸಲೇಬೇಕೆ ಎಂಬುದು ಅವನ ಪ್ರಶ್ನೆ. ಕೈಪಿಡಿ ಆ ಪ್ರಶ್ನೆಗೆ ಕೊನೆಯ ಗಡಿ ಎಲ್ಲಿದೆಯೆಂದು ಹೇಳುತ್ತದೆ. ಕ್ರೈಸ್ತನು ಹೇಗೆ ಬದುಕಬೇಕು ಎಂಬುದು ಅಲ್ಲಿನ ಪ್ರಶ್ನೆಯಲ್ಲ. ಅದೇ ವಾಕ್ಯವನ್ನು ಫ್ರೆಂಚಿಗೆ ತಂದು ದಿವಾನಖಾನೆಯಲ್ಲಿ ಓದಿದಾಗ ಜಾಲರಿ ಮಾಯವಾಗುತ್ತದೆ, ಮೊಣಕಾಲೂರಿದವನೂ ಮಾಯವಾಗುತ್ತಾನೆ. ಗಡಿ ಎಂದು ಗುರುತಿಸಿದ್ದು ಆದರ್ಶವೆಂದು ಬೋಧಿಸಿದಂತೆ ಕೇಳಿಸುತ್ತದೆ. ಶಬ್ದಶಃ ಸರಿಯಾದ ಅನುವಾದವೂ ಸ್ಥಾನಪಲ್ಲಟದಿಂದ ಅನ್ಯಾಯವಾಗಬಲ್ಲದು. ಪಾಪನಿವೇದನೆಯ ಪೀಠದಲ್ಲಿ ಕೆಲವು ವರ್ಷ ಕುಳಿತವರಿಗೆ ಎಸ್ಕೊಬಾರ್ ಏಕೆ ಬರೆದನೆಂಬುದು ತಿಳಿಯುತ್ತದೆ. ಅಂತಹವರು ಈ ಪತ್ರಗಳನ್ನು ಓದುವಾಗ ನಗುತ್ತಾರೆ, ಆದರೆ ಸ್ವಲ್ಪ ತಡವಾಗಿ ನಗುತ್ತಾರೆ.

ಈ ಆಕ್ಷೇಪಣೆಯನ್ನು ಅತಿಯಾಗಿ ಎಳೆಯಬಾರದು. ಪತ್ರಗಳು ಹಾಸ್ಯಕ್ಕೆ ಗುರಿಮಾಡಿದ ಎಲ್ಲ ಗ್ರಂಥಗಳೂ ಲತೀನಿನವಲ್ಲ. ಎತಿಯೆನ್ ಬೋನಿ ಎಂಬ ಯೇಸುಸಭೆಯ ಗುರು ಪಾಪಗಳ ಸಂಗ್ರಹವನ್ನು ಫ್ರೆಂಚಿನಲ್ಲೇ ಬರೆದಿದ್ದ. ಪಿಯೇರ್ ಲ ಮುವಾನ್ ‘ಸುಲಭಭಕ್ತಿ’ ಎಂಬ ಅರ್ಥದ ಹೆಸರಿಟ್ಟು 1652ರಲ್ಲಿ ಶ್ರೀಮಂತ ಓದುಗರಿಗಾಗಿ ಫ್ರೆಂಚ್ ಪುಸ್ತಕವನ್ನು ಹೊರತಂದಿದ್ದ. ಅವರು ತಾವಾಗಿಯೇ ಜಾಲರಿಯಿಂದ ಹೊರಗೆ ಬಂದವರು. ಮೇಲಾಗಿ, ಧರ್ಮಸಭೆಯೇ ಮುಂದೆ ಪಾಸ್ಕಲನ ಪರವಾಗಿ ಬಹುಪಾಲು ತೀರ್ಪು ಕೊಟ್ಟಿತು. 1657ರ ಸೆಪ್ಟೆಂಬರಿನಲ್ಲಿ ಈ ಪತ್ರಗಳು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿದವು, 1660ರಲ್ಲಿ ರಾಜಾಜ್ಞೆಯಂತೆ ಬೆಂಕಿಗೂ ಬಿದ್ದವು. ಆದರೆ ಏಳನೆಯ ಅಲೆಕ್ಸಾಂಡರ್ ಪೋಪರು 1665 ಮತ್ತು 1666ರಲ್ಲಿ ಸಡಿಲ ನೀತಿಯ 45 ಪ್ರತಿಪಾದನೆಗಳನ್ನೂ ಹನ್ನೊಂದನೆಯ ಇನ್ನೊಸೆಂಟ್ ಪೋಪರು 1679ರಲ್ಲಿ 65 ಪ್ರತಿಪಾದನೆಗಳನ್ನೂ ಖಂಡಿಸಿದರು. ಪತ್ರಗಳನ್ನು ನಿಷೇಧಿಸಿದ ರೋಮ್, ಪತ್ರಗಳು ನಿಂದಿಸಿದ್ದರಲ್ಲಿ ಬಹಳಷ್ಟನ್ನು ತಾನೂ ನಿಂದಿಸಿತು.

ನನಗೆ ತೊಡಕಾಗಿ ಕಾಣುವುದು ಆರನೆಯ ಪತ್ರದ ಒಂದು ಪ್ರಸಂಗ. ವಿಮರ್ಶಕರು ಇದನ್ನು ಹಾಸ್ಯದ ಉತ್ತಮ ನಿದರ್ಶನವೆಂದು ಎತ್ತಿ ಹೇಳುತ್ತಾರೆ. ಸೇವಕರು ತಮ್ಮ ಸಂಬಳ ಸಾಲದೆಂದು ಕಂಡಾಗ ಯಜಮಾನನ ಸೊತ್ತಿನಿಂದ ಅಷ್ಟನ್ನು ತಾವೇ ತೆಗೆದುಕೊಂಡು ಸರಿದೂಗಿಸಬಹುದೆ ಎಂಬ ಪ್ರಶ್ನೆಯನ್ನು ಬೋನಿ ಎತ್ತಿ, ಕೆಲವು ಸಂದರ್ಭಗಳಲ್ಲಿ ಆಗಬಹುದು ಎಂದಿದ್ದ. ವೃದ್ಧ ಗುರು ಇದನ್ನು ಹೆಮ್ಮೆಯಿಂದ ಓದುತ್ತಾನೆ. ಆಗ ಕೇಳುಗನು ಜಾನ್ ದ’ಆಲ್ಬಾ ಎಂಬವನ ಮೊಕದ್ದಮೆಯನ್ನು ನೆನಪಿಸುತ್ತಾನೆ. ಅವನು ಪ್ಯಾರಿಸ್ಸಿನಲ್ಲಿ ಯೇಸುಸಭೆಯವರದೇ ಆದ ಕ್ಲೆರ್ಮೊಂ ಕಾಲೇಜಿನ ಸೇವಕ. ಸಂಬಳ ಸಾಲದೆಂದು ಕಾಲೇಜಿನ ಕೆಲವು ತವರದ ತಟ್ಟೆಗಳನ್ನು ತೆಗೆದುಕೊಂಡು ಹೋದನು. ಗುರುಗಳು ಅವನನ್ನು ನ್ಯಾಯಾಲಯಕ್ಕೆ ಎಳೆದರು. ತಟ್ಟೆ ತೆಗೆದದ್ದು ನಿಜ, ಆದರೆ ನಿಮ್ಮವರೇ ಬರೆದ ಬೋಧೆಯ ಪ್ರಕಾರ ಅದು ಕಳವಲ್ಲ ಎಂದು ಅವನು ವಾದಿಸಿದನು. ಗುರುಗಳ ಕಲ್ಲು ಗುರುಗಳ ಕಾಲಿನ ಮೇಲೆಯೇ ಬಿತ್ತು; ಓದುಗ ನಗುತ್ತಾನೆ.

ಬೋನಿ ಹೇಳಿದ ‘ಕೆಲವು ಸಂದರ್ಭಗಳು’ ಯಾವುವು? ಪಾಸ್ಕಲನೇ ಅವನ್ನು ಉದ್ಧರಿಸುತ್ತಾನೆ, ಮರೆಮಾಡುವುದಿಲ್ಲ: ಕೆಲಸ ಹುಡುಕುವಾಗ ಸೇವಕನು ಕಡುಬಡವನಾಗಿದ್ದು, ಕೊಟ್ಟಷ್ಟು ಸಂಬಳಕ್ಕೆ ಒಪ್ಪಿಕೊಳ್ಳದೆ ಗತಿಯಿಲ್ಲದಿದ್ದಾಗ, ಅಂಥದೇ ಕೆಲಸಕ್ಕೆ ಬೇರೆಡೆ ಹೆಚ್ಚು ಕೊಡುತ್ತಿರುವಾಗ. ಇದು ಕಳ್ಳನಿಗೆ ಕೊಟ್ಟ ರಹದಾರಿಯೆ, ಅಥವಾ ಬಡವನು ಹಸಿವಿನ ಒತ್ತಡದಲ್ಲಿ ಮಾಡಿಕೊಂಡ ಒಪ್ಪಂದ ನಿಜವಾಗಿ ಸ್ವತಂತ್ರವಾದದ್ದೆ ಎಂಬ ನ್ಯಾಯದ ಪ್ರಶ್ನೆಯೆ? ಕೂಲಿಯನ್ನು ಹಿಡಿದಿಟ್ಟುಕೊಳ್ಳುವುದರ ವಿರುದ್ಧ ಪ್ರವಾದಿಗಳೂ ಸಂತ ಯಾಕೋಬರ ಪತ್ರವೂ ಆಡಿದ ಮಾತುಗಳನ್ನು ಬಲ್ಲ ಓದುಗ ಇಲ್ಲಿ ನಿಲ್ಲಬೇಕು. ಬೋನಿಯ ಉತ್ತರ ಒಪ್ಪತಕ್ಕದ್ದಲ್ಲ ಎಂದೇ ಇಟ್ಟುಕೊಳ್ಳೋಣ; 1679ರ ಖಂಡನೆಯಲ್ಲಿ 37ನೆಯದು ನೇರವಾಗಿ ಸೇವಕರ ಇಂಥ ಗುಪ್ತ ವಸೂಲಿಯನ್ನೇ ತಪ್ಪೆಂದಿದೆ. ಉತ್ತರ ತಪ್ಪಾದರೂ ಪ್ರಶ್ನೆ ಅಲ್ಲಿಯೇ ಇತ್ತು. ಪತ್ರ ಮುಗಿಯುವ ಹೊತ್ತಿಗೆ ಪ್ರಶ್ನೆ ಕಾಣೆಯಾಗಿದೆ, ಸೇವಕನೂ ಕಾಣೆಯಾಗಿದ್ದಾನೆ. ಮೊಕದ್ದಮೆ ಮುಂದೂಡಲ್ಪಟ್ಟಿತು, ಆರೋಪಿ ಹೇಗೋ ಎಲ್ಲಿಗೋ ಹೋದನು, ತಟ್ಟೆಗಳು ಮರಳಲಿಲ್ಲ ಎಂದು ಹೇಳಿ ಪಾಸ್ಕಲ್ ಮುಂದಿನ ವಿನೋದಕ್ಕೆ ತಿರುಗುತ್ತಾನೆ. ಅವನಿಗೆ ನಿಜಕ್ಕೂ ಎಷ್ಟು ಸಂಬಳ ಕೊಡುತ್ತಿದ್ದರು, ಅದು ಸಾಲುತ್ತಿತ್ತೆ ಎಂದು ಪತ್ರದಲ್ಲಿ ಯಾರೂ ಕೇಳುವುದಿಲ್ಲ. ವರಪ್ರಸಾದ ಸಾಕೇ ಸಾಲದೇ ಎಂದು ಅಷ್ಟು ಹರಿತವಾಗಿ ಕೇಳಿದ ಲೇಖನಿ, ಕೂಲಿ ಸಾಕೇ ಸಾಲದೇ ಎಂಬ ಮಾತು ಬಂದಾಗ ನಕ್ಕು ದಾಟಿತು. ಓದುತ್ತಿದ್ದವರಲ್ಲಿ ಹೆಚ್ಚಿನವರು ಸೇವಕರನ್ನು ಇಟ್ಟುಕೊಂಡವರು ಎಂಬುದನ್ನು ಮರೆಯುವಂತಿಲ್ಲ.

ಹತ್ತನೆಯ ಪತ್ರದ ಕೊನೆಯಲ್ಲಿ ನಗೆ ನಿಲ್ಲುತ್ತದೆ. ಪಾಪವಿಮೋಚನೆ ಪಡೆಯಲು ದೇವರ ಮೇಲಿನ ಪ್ರೀತಿ ಅಗತ್ಯವಿಲ್ಲ, ದಂಡನೆಯ ಭಯವೇ ಸಾಕು ಎಂಬ ಮತವನ್ನು ವೃದ್ಧ ಗುರು ವಿವರಿಸುತ್ತ, ದೇವರನ್ನು ಪ್ರೀತಿಸಬೇಕಾದ ಬಾಧ್ಯತೆಯಿಂದಲೇ ಬಿಡುಗಡೆ ಸಿಕ್ಕಿತೆಂಬಂತೆ ಸಂತೋಷಪಡುತ್ತಾನೆ. ಇಷ್ಟು ದಿನ ತಲೆದೂಗುತ್ತಿದ್ದ ಕೇಳುಗನು ಇಲ್ಲಿ ಸಿಡಿದೇಳುತ್ತಾನೆ, ಮುಖವಾಡ ಕಳಚಿಬೀಳುತ್ತದೆ. ಪತ್ರಮಾಲೆಯಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಸ್ಥಳ ಇದು. ಇದುವರೆಗಿನ ಹಾಸ್ಯ ಯಾವುದರ ರಕ್ಷಣೆಗಾಗಿತ್ತು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಪಾಸ್ಕಲನಿಗೆ ನೀತಿ ಎಂದರೆ ಗಡಿಗಳ ಲೆಕ್ಕವಲ್ಲ, ಪ್ರೀತಿಯ ಆಜ್ಞೆ. ಆ ಆಜ್ಞೆಯನ್ನೇ ರಿಯಾಯಿತಿಯ ಪಟ್ಟಿಗೆ ಸೇರಿಸಿದರೆ ಉಳಿಯುವುದೇನು? ಈ ಪ್ರಶ್ನೆಯ ಮುಂದೆ ಎಸ್ಕೊಬಾರನ ಪರವಾಗಿ ನಾನು ಮೇಲೆ ಹೇಳಿದ್ದೆಲ್ಲ ತೂಕ ಕಳೆದುಕೊಳ್ಳುತ್ತದೆ ಎಂದು ಒಪ್ಪಬೇಕು. ಆದರೂ ಗಮನಿಸಿ: ಈ ಮಾತನ್ನು ಹೇಳಬೇಕಾದಾಗ ಪಾಸ್ಕಲ್ ಹಾಸ್ಯವನ್ನು ಕೈಬಿಟ್ಟನು. ಪ್ರೀತಿಯ ಬಗ್ಗೆ ಹಾಸ್ಯದಲ್ಲಿ ಹೇಳಲಾಗದೆಂದು ಅವನ ಲೇಖನಿಗೇ ಗೊತ್ತಿತ್ತು.

ಹನ್ನೊಂದನೆಯ ಪತ್ರ ಅದೇ ನಗೆಯ ಸಮರ್ಥನೆ. ಪವಿತ್ರ ವಿಷಯಗಳನ್ನು ಗೇಲಿ ಮಾಡಿದನೆಂಬ ದೂರಿಗೆ ಅವನು ಧರ್ಮಪಿತೃಗಳನ್ನು ಸಾಕ್ಷಿಗೆ ಕರೆಯುತ್ತಾನೆ. ತೆರ್ತುಲ್ಲಿಯನ್, ಸಂತ ಅಗಸ್ಟೀನ್ ಮುಂತಾದವರು ತಪ್ಪನ್ನು ಹಾಸ್ಯದಿಂದ ಖಂಡಿಸಿದ್ದನ್ನು ತೋರಿಸುತ್ತಾನೆ. ಆದಿಕಾಂಡದಲ್ಲಿ ಪತನಾನಂತರ ದೇವರು ಆದಾಮನನ್ನು ಕುರಿತು ಆಡಿದ ಮಾತಿನಲ್ಲೂ ವ್ಯಂಗ್ಯವಿದೆಯೆಂಬ ವ್ಯಾಖ್ಯಾನವನ್ನು ಮುಂದಿಡುತ್ತಾನೆ. ಆಮೇಲೆ ಇಂತಹ ಖಂಡನೆಗೆ ನಾಲ್ಕು ನಿಯಮಗಳನ್ನು ಹೇಳುತ್ತಾನೆ: ಸತ್ಯವನ್ನೇ ಹೇಳಬೇಕು, ವಿವೇಚನೆಯಿರಬೇಕು, ಹಾಸ್ಯ ತಪ್ಪುಗಳ ಮೇಲಿರಬೇಕೇ ಹೊರತು ಪವಿತ್ರವಾದುದರ ಮೇಲಲ್ಲ, ಮತ್ತು ಯಾರನ್ನು ಖಂಡಿಸುತ್ತೇವೋ ಅವರ ಉದ್ಧಾರದ ಹಂಬಲ ಹೃದಯದಲ್ಲಿರಬೇಕು. ದೈವಶಾಸ್ತ್ರದ ವಿವಾದಗಳಿಗೆ ಇದಕ್ಕಿಂತ ಒಳ್ಳೆಯ ಅಳತೆಗೋಲನ್ನು ನಾನು ಕಂಡಿಲ್ಲ. ಸಭೆಗಳ ನಡುವೆಯೂ ಸಭೆಗಳೊಳಗೂ ನಾವು ಕನ್ನಡದಲ್ಲಿ ಹಂಚುವ ಖಂಡನೆಯ ಕರಪತ್ರಗಳಲ್ಲಿ ಎಷ್ಟು ಈ ಅಳತೆಗೆ ನಿಲ್ಲುತ್ತವೋ! ಪಾಸ್ಕಲನನ್ನೇ ಇದರಿಂದ ಅಳೆದರೆ ಮೂರನೆಯದರಲ್ಲಿ ಗೆಲ್ಲುತ್ತಾನೆ, ಮೊದಲನೆಯದರಲ್ಲಿ ಬಹುಪಾಲು ಗೆಲ್ಲುತ್ತಾನೆ, ಎರಡನೆಯದರಲ್ಲಿ ತಟ್ಟೆಗಳ ಪ್ರಸಂಗ ಅಡ್ಡಬರುತ್ತದೆ. ನಾಲ್ಕನೆಯದು ಹೃದಯದ ವಿಷಯ. ಅದನ್ನು ತೀರ್ಮಾನಿಸುವ ಅಧಿಕಾರ ವಿಮರ್ಶಕನಿಗಿಲ್ಲ. ಪಠ್ಯದಲ್ಲಿ ಕಾಣುವುದಿಷ್ಟು: ವೃದ್ಧ ಗುರುವಿನ ಮನಸ್ಸು ಬದಲಾಗುವ ಅವಕಾಶವನ್ನು ಪತ್ರಗಳು ಕೊಡುವುದಿಲ್ಲ. ಹತ್ತನೆಯ ಪತ್ರದ ಸಿಡಿಮಿಡಿಯ ನಂತರ ಅವನು ಮತ್ತೆ ಬರುವುದೇ ಇಲ್ಲ. ಅವನು ಏನು ಉತ್ತರ ಕೊಟ್ಟನೆಂದು ನಮಗೆ ತಿಳಿಯದು.

ನಗೆಗೆ ಒಡೆಯನಿಲ್ಲ. ಪೋರ್-ರುವಾಯಲ್‌ನ ಕಿರುಶಾಲೆಗಳಲ್ಲಿ ಕಲಿತ ರಾಸೀನ್ ನಾಟಕಕಾರನಾದ ಮೇಲೆ, ನಾಟಕ ಬರೆಯುವವರು ಆತ್ಮಗಳಿಗೆ ವಿಷವಿಕ್ಕುವವರೆಂದು ತನ್ನ ಹಳೆಯ ಗುರು ನಿಕೋಲ್ ಬರೆದದ್ದನ್ನು ಓದಿ ಕೆರಳಿ, 1666ರಲ್ಲಿ ತನ್ನ ಗುರುಗಳನ್ನೇ ಗೇಲಿ ಮಾಡುವ ಪತ್ರ ಪ್ರಕಟಿಸಿದನು. ಅದರ ವರಸೆ ‘ಪ್ರಾಂತ್ಯದ ಪತ್ರ’ಗಳದೇ. ವೊಲ್ತೇರ್ ಆ ಪತ್ರಗಳನ್ನು ಫ್ರೆಂಚ್ ಗದ್ಯದ ಶಿಖರವೆಂದು ಕೊಂಡಾಡಿದನು, ಆದರೆ ಪಾಸ್ಕಲನ ‘ಚಿಂತನೆಗಳು’ ಎಂಬ ಇನ್ನೊಂದು ಕೃತಿಯ ಮೇಲೆ 1734ರಲ್ಲಿ ಯುದ್ಧ ಹೂಡಿದನು; ಒಬ್ಬ ವಿಶ್ವಾಸಿ ಗುರುಗಳ ಮೇಲೆ ಬಳಸಿದ ಶೈಲಿಯನ್ನು ವಿಶ್ವಾಸದ ಮೇಲೆಯೇ ಬಳಸುವುದನ್ನು ಅವನು ಅಲ್ಲಿಂದಲೇ ಕಲಿತನೆಂದರೆ ತಪ್ಪಾಗದು. 1764ರಲ್ಲಿ ಫ್ರಾನ್ಸಿನ ರಾಜ ಯೇಸುಸಭೆಯನ್ನು ತನ್ನ ರಾಜ್ಯದಲ್ಲಿ ರದ್ದುಗೊಳಿಸಿದಾಗ ನೆಲವನ್ನು ಹದಗೊಳಿಸಿದ್ದ ಕೃತಿಗಳಲ್ಲಿ ಈ ಪತ್ರಗಳೂ ಸೇರಿದ್ದವು. ಇಷ್ಟಾಗಿಯೂ ಇವು ಯಾರ ರಕ್ಷಣೆಗಾಗಿ ಹುಟ್ಟಿದವೋ ಅವರನ್ನು ಉಳಿಸಲಿಲ್ಲ. ಹದಿನಾಲ್ಕನೆಯ ಲೂಯಿಯ ಅಪ್ಪಣೆಯಂತೆ 1709ರಲ್ಲಿ ಪೋರ್-ರುವಾಯಲ್‌ನ ಕನ್ಯಾಸ್ತ್ರೀಯರನ್ನು ಚದುರಿಸಲಾಯಿತು. ಮಠವನ್ನು ನೆಲಸಮ ಮಾಡಲಾಯಿತು. ಅಲ್ಲಿ ಸನ್ಯಾಸಿನಿಯಾಗಿದ್ದ ಪಾಸ್ಕಲನ ತಂಗಿ ಜಾಕ್ಲಿನ್ ಅದಕ್ಕೆ ಬಹಳ ಮೊದಲೇ, ಯಾನ್ಸೆನನನ್ನು ಖಂಡಿಸುವ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಬೇಕೆಂಬ ಒತ್ತಾಯದ ಸಂಕಟದಲ್ಲಿ, 1661ರ ಅಕ್ಟೋಬರಿನಲ್ಲಿ ತೀರಿಕೊಂಡಿದ್ದಳು.

ಪೋರ್-ರುವಾಯಲ್‌ನ ಬಿಗಿಯ ನೆರಳೂ ಉದ್ದವಾಗಿಯೇ ಬಿತ್ತು. ಅಯೋಗ್ಯತೆಯ ಭಯದಿಂದ ಪರಮಪ್ರಸಾದದ ಹತ್ತಿರ ಬಾರದ ವಿಶ್ವಾಸಿಗಳು ಫ್ರಾನ್ಸಿನಲ್ಲಿ ತಲೆಮಾರುಗಳವರೆಗೆ ಇದ್ದರು. ಪದೇ ಪದೇ, ಸಾಧ್ಯವಾದರೆ ದಿನವೂ, ಸ್ವೀಕರಿಸಿರಿ ಎಂದು ಹತ್ತನೆಯ ಪಿಯುಸ್ ಪೋಪರು 1905ರಲ್ಲಿ ಹೇಳಬೇಕಾಯಿತು. ಸಡಿಲಿಕೆ ಮತ್ತು ಬಿಗಿಗಳ ನಡುವೆ ದಾರಿ ಹುಡುಕಿದ ಸಂತ ಅಲ್ಫೋನ್ಸುಸ್ ಲಿಗೋರಿಯವರನ್ನು ಧರ್ಮಸಭೆ ಪಾಪನಿವೇದನೆ ಕೇಳುವ ಗುರುಗಳ ಪಾಲಕರನ್ನಾಗಿ ಮಾಡಿಕೊಂಡಿತು. ಎಸ್ಕೊಬಾರನನ್ನೂ ಅಲ್ಲ, ಆರ್ನೋವನ್ನೂ ಅಲ್ಲ.

ಹಾಗಾದರೆ ಪಾಸ್ಕಲ್ ಫ್ರೆಂಚಿನಲ್ಲಿ ದೈವಶಾಸ್ತ್ರಕ್ಕೆ ಕೊಟ್ಟ ನಿಜವಾದ ಭಾಷೆ ಎಲ್ಲಿದೆ? ನನ್ನ ಉತ್ತರ: ಪತ್ರಗಳಲ್ಲಿ ಅಲ್ಲ, ಅವನು ಮುಗಿಸದೆ ಬಿಟ್ಟ ‘ಚಿಂತನೆಗಳು’ ಎಂಬ ಚೂರುಗಳಲ್ಲಿ. ಕ್ರೈಸ್ತಧರ್ಮದ ಸಮರ್ಥನೆಯೊಂದನ್ನು ಬರೆಯಬೇಕೆಂದು ದೊಡ್ಡ ಹಾಳೆಗಳಲ್ಲಿ ಟಿಪ್ಪಣಿ ಮಾಡಿ, ಅವನ್ನು ಕತ್ತರಿಸಿ, ವಿಷಯವಾರು ದಾರದಲ್ಲಿ ಕಟ್ಟಿಟ್ಟಿದ್ದನು. ಗೆಳೆಯರು ಅವನ್ನು ತಿದ್ದಿ, ನಯಗೊಳಿಸಿ, 1670ರಲ್ಲಿ ಅಚ್ಚು ಹಾಕಿಸಿದರು. ಮುದ್ರಿತ ಪಾಠ ಹಸ್ತಪ್ರತಿಯಿಂದ ಎಷ್ಟು ದೂರವಿದೆಯೆಂಬುದನ್ನು 1842ರಲ್ಲಿ ವಿಕ್ತೋರ್ ಕೂಸಾಂ ಬಯಲಿಗಿಟ್ಟನು. ಹಸ್ತಪ್ರತಿಯ ಪಾಸ್ಕಲ್ ತಡವರಿಸುತ್ತಾನೆ, ಅರ್ಧಕ್ಕೆ ನಿಲ್ಲುತ್ತಾನೆ, ಬರೆದದ್ದನ್ನು ಹೊಡೆದುಹಾಕುತ್ತಾನೆ. ಅಲ್ಲಿಯೂ ವ್ಯಂಗ್ಯವಿದೆ, ಮೊಲ ಬೇಡವಾದರೂ ಮೊಲದ ಬೇಟೆ ಬೇಕೆನ್ನುವ, ಒಂದು ಕೋಣೆಯಲ್ಲಿ ಸುಮ್ಮನೆ ಕುಳಿತಿರಲಾರದ ಮನುಷ್ಯನನ್ನು ಅವನು ಬಿಡುವುದಿಲ್ಲ. ಆದರೆ ಈಗ ನಗೆಗೆ ಗುರಿಯಾದವನು ಕಪಾಟಿನ ಮುಂದಿರುವ ಮುದುಕನಲ್ಲ, ಬರೆಯುತ್ತಿರುವವನೂ ಓದುತ್ತಿರುವವನೂ ಸೇರಿದಂತೆ ಎಲ್ಲರೂ. ಪತ್ರಗಳ ಫ್ರೆಂಚಿಗೆ ಉತ್ತರ ಮೊದಲೇ ಗೊತ್ತಿತ್ತು; ಇಲ್ಲಿಯ ಫ್ರೆಂಚ್ ಹುಡುಕುತ್ತದೆ.

ಇದಕ್ಕೂ ಹಿಂದಿನ ಒಂದು ಕಾಗದವಿದೆ. 1654ರ ನವೆಂಬರ್ 23ರ ರಾತ್ರಿ ಸುಮಾರು ಹತ್ತೂವರೆಯಿಂದ ಹನ್ನೆರಡೂವರೆಯವರೆಗೆ ತನಗಾದ ದೈವಾನುಭವವನ್ನು ಪಾಸ್ಕಲ್ ಗುರುತು ಹಾಕಿಕೊಂಡು, ಅದನ್ನು ತನ್ನ ಅಂಗಿಯ ಒಳಪದರದಲ್ಲಿ ಹೊಲಿದುಕೊಂಡು ಎಂಟು ವರ್ಷ ಧರಿಸಿದ್ದನು. ಅದರಲ್ಲಿ ಪೂರ್ಣ ವಾಕ್ಯಗಳೇ ವಿರಳ. ಬಿಡಿ ಮಾತುಗಳು, ಹೆಸರುಗಳು, ಧರ್ಮಗ್ರಂಥದ ತುಣುಕುಗಳು. ಫ್ರೆಂಚಿನ ನಡುನಡುವೆ ಲತೀನು. ಅದು ಅವನು ತೀರಿಕೊಂಡ ಮೇಲೆ ಸೇವಕನೊಬ್ಬನ ಕೈಗೆ ಸಿಕ್ಕಿತು. ‘ಪ್ರಾಂತ್ಯದ ಪತ್ರ’ಗಳನ್ನು ಬರೆಯುತ್ತಿದ್ದಾಗಲೂ ಆ ಕಾಗದ ಅವನ ಎದೆಯ ಮೇಲಿತ್ತು ಎಂಬುದನ್ನು ನೆನೆದರೆ, ಒಂದೇ ಲೇಖನಿಯಲ್ಲಿ ಎರಡು ಭಾಷೆಗಳಿದ್ದವೆಂದು ತೋರುತ್ತದೆ. ಒಂದು ಗೆಲ್ಲುವುದಕ್ಕೆ, ಇನ್ನೊಂದು ಸೋಲುವುದಕ್ಕೆ. 2023ರ ಜೂನ್ 19ರಂದು, ಪಾಸ್ಕಲ್ ಹುಟ್ಟಿ 400 ವರ್ಷ ತುಂಬಿದ ದಿನ, ಯೇಸುಸಭೆಯಿಂದ ಬಂದ ಮೊದಲ ಪೋಪರಾದ ಫ್ರಾನ್ಸಿಸ್ ಅವರು ಅವನ ಬಗ್ಗೆ ಪ್ರೇಷಿತ ಪತ್ರವೊಂದನ್ನು ಹೊರಡಿಸಿದರು. ಮನುಷ್ಯನ ಮಹತ್ತು ಮತ್ತು ದೈನ್ಯ ಎಂಬುದು ಅದರ ಹೆಸರಿನ ಅರ್ಥ. ‘ಚಿಂತನೆಗಳ’ ಪಾಸ್ಕಲನೇ ಅದರ ನಾಯಕ. ವೃದ್ಧ ಗುರು ಕೊನೆಗೂ ಉತ್ತರ ಬರೆದನೆಂದು ನನಗೆ ಅದನ್ನು ಓದುವಾಗ ಅನ್ನಿಸಿತು.

ಜಾನ್ ದ’ಆಲ್ಬಾನ ಪ್ರಶ್ನೆಗೆ ಪತ್ರಗಳಲ್ಲಿ ಉತ್ತರವಿಲ್ಲ ಎಂದೆ. ಅಕ್ಕ ಜಿಲ್ಬೆರ್ತ್ ಬರೆದ ಪಾಸ್ಕಲನ ಜೀವನಚರಿತ್ರೆಯಲ್ಲಿ ಅವನ ಕೊನೆಯ ವರ್ಷದ ಒಂದು ಸಂಗತಿಯಿದೆ. ಬಡ ಸಂಸಾರವೊಂದನ್ನು ಅವನು ತನ್ನ ಮನೆಯಲ್ಲಿ ಇರಿಸಿಕೊಂಡಿದ್ದನು. ಅವರಿಂದ ಯಾವ ಸೇವೆಯನ್ನೂ ಪಡೆಯುತ್ತಿರಲಿಲ್ಲ. 1662ರ ಬೇಸಿಗೆಯಲ್ಲಿ ಆ ಸಂಸಾರದ ಮಗನಿಗೆ ಸಿಡುಬು ಎದ್ದಿತು. ಆಗ ಪಾಸ್ಕಲ್ ತಾನೇ ಕಾಯಿಲೆ ಮಲಗಿದ್ದನು. ಅಕ್ಕ ಅವನನ್ನು ನೋಡಿಕೊಳ್ಳಲು ದಿನವೂ ಬರಬೇಕಿತ್ತು, ಅವಳಿಗೆ ಮಕ್ಕಳಿದ್ದರು, ಸೋಂಕಿನ ಭಯವಿತ್ತು. ಹುಡುಗನನ್ನು ಬೇರೆಡೆಗೆ ಸಾಗಿಸುವುದೇ ಸರಿಯೆಂದು ಎಲ್ಲರೂ ಎಂದರು. ಅವನನ್ನು ಈ ಸ್ಥಿತಿಯಲ್ಲಿ ಕದಲಿಸುವುದಕ್ಕಿಂತ ತಾನು ಕದಲುವುದರಲ್ಲಿ ಅಪಾಯ ಕಡಿಮೆಯೆಂದು ಪಾಸ್ಕಲ್ ಹೇಳಿದನು. ಮನೆಯನ್ನು ಅವರಿಗೆ ಬಿಟ್ಟು, ಜೂನ್ ಕೊನೆಯಲ್ಲಿ ಅಕ್ಕನ ಮನೆಗೆ ಹೋದನು. ಅಲ್ಲಿಂದ ಮರಳಲಿಲ್ಲ, ಆಗಸ್ಟ್ 19ರಂದು ತೀರಿಕೊಂಡನು.